ಟೂರಿಂಗ್ ಬೈಕಿಗೆ ಲಿಫ್ಟ್ ಅಡಾಪ್ಟರ್ ಮತ್ತು ಜೋಡಿ ಹಾರ್ನ್: ಕರಾವಳಿಯ ಉಪ್ಪು, ಘಟ್ಟದ ಮಳೆ ತಾಳುವಂತೆ ಕೂರಿಸುವ ಬಗೆ

ಕಾರವಾರದಿಂದ ಅಣಶಿ ಘಟ್ಟ ಹತ್ತಿ ಜೊಯಿಡಾ ಕಡೆ ಹೋಗಲಿ, ಕುಮಟಾದಿಂದ ದೇವಿಮನೆ ಘಟ್ಟ ಏರಿ ಶಿರಸಿಗೆ ಬರಲಿ, ಅಂಕೋಲಾ ದಾಟಿ ಅರಬೈಲ್ ಘಟ್ಟದಲ್ಲಿ ಟ್ಯಾಂಕರುಗಳ ಹಿಂದೆ ಸಿಕ್ಕಿಕೊಳ್ಳಲಿ, ಕಂಪನಿಯವರು ಕೊಟ್ಟ ಒಂಟಿ ಹಾರ್ನ್ ಸಾಲದು ಎಂಬುದು ಮೊದಲ ಮಳೆಗಾಲದಲ್ಲೇ ತಿಳಿಯುತ್ತದೆ. ಮಳೆಯ ಸದ್ದು, ಮಂಜು, ಕಿಟಕಿ ಏರಿಸಿಕೊಂಡ ಲಾರಿ ಕ್ಯಾಬಿನ್, ಈ ಮೂರನ್ನೂ ದಾಟಿ ಅದರ ದನಿ ಹೋಗುವುದಿಲ್ಲ. ಇನ್ನೊಂದು ತೊಂದರೆ ಮನೆಗೆ ಬಂದ ಮೇಲಿನದು. ಕೆಂಪು ಕೆಸರು ಮೆತ್ತಿದ ಚೈನ್ ತೊಳೆಯಲು ಹಿಂದಿನ ಗಾಲಿ ತಿರುಗಬೇಕು, ಆದರೆ ಈಗಿನ ಹಲವು ಟೂರಿಂಗ್ ಬೈಕುಗಳಿಗೆ ಸೆಂಟರ್ ಸ್ಟ್ಯಾಂಡ್ ಇರುವುದಿಲ್ಲ.

ಎರಡೂ ಕೆಲಸದಲ್ಲಿ ಜನ ದುಡ್ಡು ಸುರಿಯುವುದು ಕಣ್ಣಿಗೆ ಕಾಣುವ ಸಾಮಾನಿನ ಮೇಲೆ: ದೊಡ್ಡ ಜಾಕ್, ದುಬಾರಿ ಹಾರ್ನ್. ಕೆಲಸ ಕೆಡುವುದು ಮಾತ್ರ ನಡುವಿನ ಜಾಗದಲ್ಲಿ. ಜಾಕಿಗೂ ಫ್ರೇಮಿಗೂ ನಡುವೆ ಏನಿದೆ, ಬ್ಯಾಟರಿಗೂ ಹಾರ್ನಿಗೂ ನಡುವೆ ಎಂಥ ವೈರ್ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಬರಹದ ಹೆಚ್ಚು ಭಾಗವೂ ಅದರ ಬಗ್ಗೆಯೇ. ಮೊದಲು ಅಡಾಪ್ಟರ್, ಅಂದರೆ ಜಾಕಿನ ತಲೆಗೂ ಫ್ರೇಮಿಗೂ ನಡುವೆ ಕೂರುವ ಆಸರೆ, ಮುಗಿಸಿ, ಆಮೇಲೆ ಹಾರ್ನಿಗೆ ಕೈಹಾಕಿ. ಬೈಕ್ ನೆಟ್ಟಗೆ ನಿಂತು, ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗುವಂತಿದ್ದರೆ ಹಾರ್ನಿನ ಜಾಗ ಹುಡುಕುವುದೂ ವೈರ್ ಎಳೆಯುವುದೂ ಸಲೀಸು.

ಬೈಕಿನ ಹೊಟ್ಟೆ ನೋಡದೆ ಏನನ್ನೂ ಕೊಳ್ಳಬೇಡಿ

ಟಾರ್ಚ್ ಹಿಡಿದು ಮಲಗಿ ಎಂಜಿನ್ ಕೆಳಗೆ ನೋಡಿ. ಎಂಜಿನ್ನಿನ ಅಡಿಯಲ್ಲಿ ಎರಡು ಕಬ್ಬಿಣದ ಕೊಳವೆಗಳು ಉದ್ದಕ್ಕೆ ಹಾದುಹೋಗಿದ್ದರೆ ಅದು ಡಬಲ್ ಕ್ರೇಡಲ್ ಫ್ರೇಮ್. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಈ ಜಾತಿಯದು. ಇಂಥ ಬೈಕನ್ನು ಆ ಎರಡು ಕೊಳವೆಗಳ ಮೇಲೆಯೇ ಎತ್ತಬಹುದು, ಅಡಾಪ್ಟರ್ ಮಾಡಿಸುವುದೂ ಸುಲಭ. ಕೊಳವೆ ಇಲ್ಲದೆ ಎಂಜಿನ್ ಫ್ರೇಮಿಗೆ ತೂಗಿಕೊಂಡಂತಿದ್ದರೆ, ಕೆಟಿಎಂ 390 ಅಡ್ವೆಂಚರಿನಂತೆ, ಅಲ್ಲಿ ಕೆಳಗೆ ಕಾಣುವುದು ಬ್ಯಾಶ್ ಪ್ಲೇಟ್ ಅಥವಾ ಅಲ್ಯುಮಿನಿಯಂ ಸಂಪ್, ಅಂದರೆ ಎಂಜಿನ್ ಆಯಿಲ್ ನಿಲ್ಲುವ ತಳಭಾಗ. ಸಂಪಿನ ಮೇಲೆ ಜಾಕ್ ಇಡಲೇಬಾರದು. ಅದು ಎರಕದ ಲೋಹ, ಬಾಗುವುದಿಲ್ಲ, ನೇರ ಬಿರುಕು ಬಿಡುತ್ತದೆ. ಡ್ರೈನ್ ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕು ಬಿದ್ದರೆ ಎಂಜಿನ್ ಕೇಸನ್ನೇ ಬದಲಿಸಬೇಕಾದೀತು.

ಬ್ಯಾಶ್ ಪ್ಲೇಟ್ ದಪ್ಪಗಿದೆ, ಅದರ ಮೇಲೆ ಎತ್ತಿದರಾಯಿತು ಎನ್ನುವವರಿದ್ದಾರೆ. ಪ್ಲೇಟ್ ಯಾವುದಕ್ಕೆ ಕೂತಿದೆ ನೋಡಿ. ಎಂಜಿನ್ ಕೇಸಿಗೆ ಎಂ6 ಬೋಲ್ಟಿನಲ್ಲಿ ಹಿಡಿದಿದ್ದರೆ ಅದು ಕಲ್ಲು ತಾಗದಂತೆ ಕಾಯಲು ಮಾತ್ರ. ಫ್ರೇಮಿಗೆ ದಪ್ಪ ಬ್ರಾಕೆಟ್ಟಿನಲ್ಲಿ ಕೂತಿದ್ದು, ಬೈಕಿನ ಕೈಪಿಡಿ ಒಪ್ಪಿದರೆ ಮಾತ್ರ ಎತ್ತಬಹುದು. ಅಂಥ ಬೈಕಿಗೆ ನಮ್ಮ ಸಲಹೆ ಬಾಬಿನ್ (ಹಿಂದಿನ ಗಾಲಿ ಹಿಡಿದ ತೋಳಿಗೆ, ಅಂದರೆ ಸ್ವಿಂಗ್ ಆರ್ಮಿಗೆ, ಬೋಲ್ಟಿನಿಂದ ಕೂರುವ ದುಂಡು ಗುಬಟು) ಮತ್ತು ಅದನ್ನು ಹಿಡಿದು ಹಿಂದಿನ ಗಾಲಿ ಎತ್ತುವ ಪ್ಯಾಡಕ್ ಸ್ಟ್ಯಾಂಡ್. ಅದರ ಮಾತು ಮುಂದೆ ಬರುತ್ತದೆ.

ಕ್ರೇಡಲ್ ಫ್ರೇಮ್ ಇದ್ದವರು ಮೂರು ಅಳತೆ ತೆಗೆದುಕೊಳ್ಳಿ. ಒಂದು, ಎರಡು ಕೊಳವೆಗಳ ಹೊರಮೈಯಿಂದ ಹೊರಮೈಗೆ ಇರುವ ಅಗಲ. ಇದನ್ನು ಎರಡು ಕಡೆ ಅಳೆಯಿರಿ, ಏಕೆಂದರೆ ಕೊಳವೆಗಳು ಸಾಮಾನ್ಯವಾಗಿ ಹಿಂದಕ್ಕೆ ಹೋಗುತ್ತ ಅಗಲವಾಗುತ್ತವೆ. ಎರಡು, ಕೊಳವೆಯ ದಪ್ಪ. ಮೂರು, ಕೊಳವೆಗಿಂತ ಕೆಳಗೆ ಜೋತಿರುವ ವಸ್ತು ಯಾವುದು, ಎಷ್ಟು ಮಿಲಿಮೀಟರ್ ಜೋತಿದೆ: ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟ್, ಸೈಲೆನ್ಸರ್ ಪೈಪ್, ಸೈಡ್ ಸ್ಟ್ಯಾಂಡಿನ ಸ್ವಿಚ್ಚಿನ ವೈರ್. ಅಡಾಪ್ಟರ್ ಎಂಬ ವಸ್ತು ಬೇಕಾಗುವುದೇ ಈ ಮೂರನೆಯ ಅಳತೆಗಾಗಿ. ಜಾಕಿನ ಸಪಾಟು ತಲೆ ಮೊದಲು ತಾಗುವುದು ಫ್ರೇಮಿಗಲ್ಲ, ಜೋತಿರುವ ಆ ವಸ್ತುವಿಗೆ.

ಅಡಾಪ್ಟರ್ ಮಾಡಿಸುವುದು

ರೆಡಿ ಅಡಾಪ್ಟರುಗಳು ಹೆಚ್ಚಾಗಿ ಹೊರದೇಶದ ದೊಡ್ಡ ಕ್ರೂಸರುಗಳ ಅಳತೆಗೆ ಬರುತ್ತವೆ. ನಮ್ಮಲ್ಲಿನ ಬೈಕಿಗೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದೇ ಸರಿ. ಗೇಟು, ಗ್ರಿಲ್ ಮಾಡುವ ಯಾವುದೇ ಶಾಪಿನಲ್ಲಿ ಅರ್ಧ ದಿನದ ಕೆಲಸ, ಅಳತೆ ಬರೆದ ಚಿತ್ರ ಕೈಯಲ್ಲಿದ್ದರೆ.

ಆಕಾರ ಹೀಗಿರಲಿ: 40×40 ಮಿ.ಮೀ. ಚೌಕ ಪೈಪಿನ ಎರಡು ಅಡ್ಡಪಟ್ಟಿಗಳು, ಒಂದಕ್ಕೊಂದು 150 ಮಿ.ಮೀ. ದೂರದಲ್ಲಿ, ನಡುವೆ ಅದೇ ಪೈಪಿನ ತುಂಡುಗಳಿಂದ ಬೆಸೆದಿರಬೇಕು. ಪ್ರತಿ ಅಡ್ಡಪಟ್ಟಿಯ ಉದ್ದ, ನೀವು ಅಳೆದ ಹೊರ ಅಗಲಕ್ಕಿಂತ 60 ಮಿ.ಮೀ. ಜಾಸ್ತಿ. ನಾಲ್ಕೂ ತುದಿಯ ಬಳಿ ಮೇಲ್ಮುಖವಾಗಿ ಒಂದೊಂದು ಆಸರೆ ಗೂಟ, ಅದರ ತಲೆಯಲ್ಲಿ ಯು ಆಕಾರದ ತೊಟ್ಟಿಲು. ಗೂಟದ ಎತ್ತರ, ಜೋತಿರುವ ವಸ್ತುವಿನ ಅಳತೆಗೆ ಕನಿಷ್ಠ 15 ಮಿ.ಮೀ. ಸೇರಿಸಿ. ಯು ತೊಟ್ಟಿಲಿನ ಒಳ ಅಗಲ, ಕೊಳವೆಯ ದಪ್ಪಕ್ಕೆ ಎರಡೂ ಬದಿಯ ರಬ್ಬರಿನ ದಪ್ಪ ಸೇರಿಸಿದಷ್ಟು. ಬದಿಗೆ 3 ಮಿ.ಮೀ., ತಳಕ್ಕೆ 8 ಮಿ.ಮೀ. ರಬ್ಬರ್ ಸಾಕು. ಹಳೆಯ ಲಾರಿ ಟಯರಿನ ತುಂಡು ಬಳಸುವುದಾದರೆ ಒಳಗಿನ ಉಕ್ಕಿನ ತಂತಿ ಹೊರಬಂದಿಲ್ಲವೆಂದು ನೋಡಿಕೊಳ್ಳಿ. ಅದು ಫ್ರೇಮಿನ ಬಣ್ಣ ಕೆರೆಯುತ್ತದೆ, ಕರಾವಳಿಯಲ್ಲಿ ಕೆರೆದ ಜಾಗ ವಾರದೊಳಗೆ ತುಕ್ಕು.

ಒಂದೇ ಅಡ್ಡಪಟ್ಟಿ ಸಾಲದೇ? ಸಾಲದು. ಒಂದೇ ಪಟ್ಟಿಯ ಮೇಲೆ ಬೈಕ್ ಹಿಂದೆ ಮುಂದೆ ತೂಗತೊಡಗುತ್ತದೆ. ಆಕ್ಸಲ್ ಬಿಚ್ಚಿ ಹಿಂದಿನ ಗಾಲಿ ಕಳಚಿದ ಕ್ಷಣ ಮೂತಿ ಕೆಳಗಾಗುತ್ತದೆ.

ಪೈಪಿನ ಗೋಡೆ 3 ಮಿ.ಮೀ. ಇರಲಿ. ಇದು ಬಲಕ್ಕಾಗಿ ಅಲ್ಲ. ಲೆಕ್ಕ ಹಾಕಿ ನೋಡಿ: ಗೂಟಗಳ ನಡುವೆ 300 ಮಿ.ಮೀ. ಅಂತರವಿದ್ದು, 250 ಕೆ.ಜಿ. ಭಾರವೆಲ್ಲ ಒಂದೇ ಪಟ್ಟಿಯ ಮೇಲೆ ಬಿದ್ದಿತೆಂದುಕೊಂಡರೂ ಲೋಹದ ಮೇಲಿನ ಒತ್ತಡ ಸುಮಾರು 36 ಮೆಗಾಪಾಸ್ಕಲ್. ಸಾಧಾರಣ ಮೈಲ್ಡ್ ಸ್ಟೀಲ್ ಬಾಗಲು ಶುರುವಾಗುವುದು 250ರ ಆಸುಪಾಸಿನಲ್ಲಿ. 2 ಮಿ.ಮೀ. ಪೈಪಿನಲ್ಲೂ ಅದು ಸುಮಾರು 50 ಅಷ್ಟೇ. ಆದರೂ 3 ಎನ್ನುವುದಕ್ಕೆ ಕಾರಣ ಬೇರೆ. ತೆಳು ಪೈಪಿನಲ್ಲಿ ವೆಲ್ಡಿಂಗ್ ರಾಡ್ ತೂತು ಕೊರೆಯುತ್ತದೆ, ಆ ತೂತು ಮುಚ್ಚಲು ಮೆತ್ತಿದ ಲೋಹ ಹಿಡಿಯುವುದಿಲ್ಲ, ಮತ್ತು ಒಳಗಿನಿಂದ ತಿನ್ನುವ ತುಕ್ಕಿಗೆ ತಿನ್ನಲು ಸ್ವಲ್ಪ ಲೋಹ ಉಳಿದಿರಬೇಕು. ಪೈಪಿನ ಬಾಯಿಗಳನ್ನು ಮುಚ್ಚಳ ಇಟ್ಟು ಪೂರ್ತಿ ವೆಲ್ಡ್ ಮಾಡಿಸಿ. ಅರ್ಧಂಬರ್ಧ ಮುಚ್ಚಿದರೆ ನೀರು ಒಳಗೆ ನಿಲ್ಲುತ್ತದೆ, ಅದಕ್ಕಿಂತ ತೆರೆದೇ ಇಟ್ಟು ಕೆಳಗೊಂದು 6 ಮಿ.ಮೀ. ತೂತು ಹೊಡೆಸುವುದು ಮೇಲು. ವೆಲ್ಡಿಂಗ್ ಕಿಟ್ಟ ಕೆರೆದು, ಜಿಂಕ್ ಪ್ರೈಮರ್ ಎರಡು ಕೈ, ಮೇಲೆ ಎನಾಮಲ್. ಬಣ್ಣ ಪೂರ್ತಿ ಒಣಗಿದ ಮೇಲೆಯೇ ರಬ್ಬರ್ ಅಂಟಿಸಿ.

ಅಡಾಪ್ಟರಿನ ತಳ ನಿಮ್ಮ ಜಾಕಿಗೆ ಹೊಂದಬೇಕು. ಬೈಕಿಗೆಂದೇ ಬರುವ ಅಗಲ ತಟ್ಟೆಯ ಜಾಕಿಗೆ ಎರಡು ಎಂ10 ಬೋಲ್ಟ್ ಸಾಕು. ಕಾರಿನ ಟ್ರಾಲಿ ಜಾಕಿಗಾದರೆ 8 ಮಿ.ಮೀ. ದಪ್ಪದ ತಳಹಲಗೆ ವೆಲ್ಡ್ ಮಾಡಿಸಿ, ಅದರ ಕೆಳಗೆ ಜಾಕಿನ ದುಂಡು ಬಟ್ಟಲಿನಲ್ಲಿ ಸರಿಯಾಗಿ ಕೂರುವ ಒಂದು ಗುಬಟು ಬೇಕು. ಗುಬಟಿಲ್ಲದೆ ಬರಿ ಹಲಗೆ ಇಟ್ಟು ಎತ್ತುವುದು ಅಪಾಯ.

ಎತ್ತುವಾಗ ಏನಾಗುತ್ತದೆ

ಟ್ರಾಲಿ ಜಾಕಿನ ತಲೆ ನೇರ ಮೇಲಕ್ಕೆ ಹೋಗುವುದಿಲ್ಲ, ಕಮಾನಿನಂತೆ ಸರಿಯುತ್ತ ಏರುತ್ತದೆ. ಎರಡು ತೋಳು ಒಂದೇ ಕಡೆಗೆ ಮಗುಚಿಕೊಂಡು ಏಳುವ ಬೈಕ್ ಜಾಕುಗಳದ್ದೂ ಇದೇ ಕಥೆ. ಸಿಮೆಂಟ್ ನೆಲದಲ್ಲಿ ಜಾಕಿನ ಗಾಲಿ ಉರುಳಿ ಸರಿದೂಗುತ್ತದೆ. ಚಿರೇಕಲ್ಲಿನ ನೆಲದಲ್ಲಿ, ಸಗಣಿ ಸಾರಿಸಿದ ಅಂಗಳದಲ್ಲಿ ಗಾಲಿ ಉರುಳದು, ಬದಲಿಗೆ ಅಡಾಪ್ಟರ್ ಫ್ರೇಮಿನ ಮೇಲೆ ಜಾರುತ್ತದೆ. ಅಂಗಳದಲ್ಲಿ ಮಾಡುವುದಾದರೆ 18 ಮಿ.ಮೀ. ಪ್ಲೈವುಡ್ಡಿನ ದೊಡ್ಡ ಹಲಗೆ ಹಾಸಿ, ಜಾಕ್ ಅದರ ಮೇಲೆ ಇರಲಿ. ಮಳೆಗಾಲದಲ್ಲಿ ಹಲಗೆಯ ಅಡಿಯ ಮಣ್ಣೇ ಕುಸಿಯಬಹುದು. ಆ ಕಾಲದಲ್ಲಿ ಸಿಮೆಂಟ್ ನೆಲ ಬಿಟ್ಟು ಬೇರೆಡೆ ಎತ್ತದಿರುವುದೇ ಒಳ್ಳೆಯದು.

ಪೆಟ್ಟಿಗೆಗಳು, ಟ್ಯಾಂಕ್ ಬ್ಯಾಗ್ ಎಲ್ಲ ಮೊದಲು ಇಳಿಸಿ. ಹಿಂದಿನ ಗಾಲಿ ಎತ್ತಬೇಕೆಂದರೆ ಮುಂದಿನ ಬ್ರೇಕ್ ಲಿವರನ್ನು ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಮುಂದಿನ ಗಾಲಿ ಎತ್ತಬೇಕೆಂದರೆ ಗೇರಿನಲ್ಲಿಡಿ. ಒಬ್ಬರು ಬೈಕನ್ನು ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬರು ಜಾಕ್ ಒತ್ತಬೇಕು. ಒಬ್ಬರೇ ಎರಡನ್ನೂ ಮಾಡಲು ಹೋಗಬೇಡಿ. ಸೈಡ್ ಸ್ಟ್ಯಾಂಡ್ ಕೆಳಗೇ ಇರಲಿ, ಏನಾದರೂ ತಪ್ಪಿದರೆ ಎಡಗಡೆಗಾದರೂ ಅದು ತಡೆದೀತು.

ನಾಲ್ಕೂ ತೊಟ್ಟಿಲು ಕೊಳವೆಗೆ ತಾಗುವವರೆಗೆ ಏರಿಸಿ ನಿಲ್ಲಿಸಿ, ಪ್ರತಿಯೊಂದನ್ನೂ ಕೈಬೆರಳಿನಿಂದ ಮುಟ್ಟಿ ನೋಡಿ. ಕ್ಲಚ್ ಕೇಬಲ್, ಬ್ರೀದರ್ ಪೈಪ್, ಸೈಡ್ ಸ್ಟ್ಯಾಂಡ್ ವೈರ್ ನಡುವೆ ಸಿಕ್ಕಿಕೊಳ್ಳುವುದು ಇಲ್ಲೇ. ಆಮೇಲೆ 10 ಮಿ.ಮೀ. ಮಾತ್ರ ಎತ್ತಿ. ಯಾವ ಗಾಲಿ ಮೊದಲು ನೆಲ ಬಿಟ್ಟಿತು? ಹಿಂದಿನದು ಬೇಕಿದ್ದು ಮುಂದಿನದು ಎದ್ದರೆ ಇಳಿಸಿ, ಅಡಾಪ್ಟರನ್ನು 20–30 ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ಎತ್ತಿ. ಸರಿಯಾದ ಜಾಗ ಸಿಕ್ಕಿದಾಗ ಫ್ರೇಮಿನ ಮೇಲೆ ಬಣ್ಣದ ಚುಕ್ಕಿ ಇಡಿ, ಮುಂದಿನ ಸಲ ಹುಡುಕುವ ಕೆಲಸ ಇರದು.

ಎರಡು ರಾಚೆಟ್ ಪಟ್ಟಿಗಳಿಂದ ಬೈಕನ್ನು ಎರಡೂ ಬದಿಗೆ ಕಟ್ಟಿ, ಆದರೆ ನೆಲದ ಕೊಂಡಿಗಲ್ಲ, ಜಾಕಿನ ತಟ್ಟೆಗೇ. ನೆಲಕ್ಕೆ ಕಟ್ಟಿದರೆ ಎತ್ತಿದಷ್ಟೂ ಪಟ್ಟಿ ಬಿಗಿಯುತ್ತ ಹೋಗಿ ಬೈಕನ್ನು ಒಂದು ಬದಿಗೆ ಎಳೆಯುತ್ತದೆ. ಗಾಲಿ ನೆಲದಿಂದ 30–50 ಮಿ.ಮೀ. ಎದ್ದರೆ ಚೈನ್ ಕೆಲಸಕ್ಕೆ ಧಾರಾಳ. ಜಾಕಿನ ಯಾಂತ್ರಿಕ ಲಾಕ್ ಹಾಕದೆ, ಬರಿ ಹೈಡ್ರಾಲಿಕ್ ನಂಬಿ ಕೈ ಒಳಗೆ ಹಾಕಬಾರದು. ಸೀಲ್ ಸೋರಿದರೆ ಬೈಕ್ ಸದ್ದಿಲ್ಲದೆ ಇಳಿಯುತ್ತದೆ. ಚೈನಿಗೆ ಕೈಹಚ್ಚಿದಾಗ ಎಂಜಿನ್ ಆಫ್ ಇರಬೇಕು, ಗಾಲಿಯನ್ನು ಕೈಯಿಂದಲೇ ತಿರುಗಿಸಿ. ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರ ಸಂಗತಿ ಗ್ಯಾರೇಜುಗಳಲ್ಲಿ ಹೊಸದಲ್ಲ.

ಇನ್ನು ಬಾಬಿನ್. ಸ್ವಿಂಗ್ ಆರ್ಮಿನ ಎರಡೂ ಬದಿಗೆ ಮೊದಲೇ ಥ್ರೆಡ್ ಮಾಡಿದ ತೂತಿದ್ದರೆ ಎಂ6, ಎಂ8 ಅಥವಾ ಎಂ10 ಬಾಬಿನ್ ಕೂರುತ್ತದೆ. ಎಂ10ರಲ್ಲಿ 1.25 ಮತ್ತು 1.5 ಮಿ.ಮೀ. ಎಂಬ ಎರಡು ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಇವೆ. ಬೋಲ್ಟ್ ಬೆರಳಿನಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಮಾತ್ರ ಅದು ಸರಿಯಾದದ್ದು, ಪಾನಾ ಹಾಕಿ ನುಗ್ಗಿಸಿದರೆ ಅಲ್ಯುಮಿನಿಯಂ ಥ್ರೆಡ್ ಹೋಯಿತೆಂದೇ ಲೆಕ್ಕ. ಎಂ8 ಬೋಲ್ಟ್ ಕನಿಷ್ಠ 12 ಮಿ.ಮೀ. ಒಳಗೆ ಕೂರಬೇಕು. ಕರಾವಳಿಯಲ್ಲಿ ಸ್ಟೇನ್‌ಲೆಸ್ ಬೋಲ್ಟನ್ನು ಅಲ್ಯುಮಿನಿಯಂ ತೂತಿಗೆ ಒಣದಾಗಿ ಹಾಕಲೇಬೇಡಿ. ಉಪ್ಪಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗಿ ಊದುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಲು ಹೋದರೆ ಬೋಲ್ಟಿನ ತಲೆ ಮಾತ್ರ ಕೈಗೆ ಬರುತ್ತದೆ. ಬೋಲ್ಟ್ ಹಿಡಿದುಕೊಳ್ಳದಂತೆ ತಡೆಯುವ ಆಂಟಿ ಸೀಜ್ ಲೇಪ ಹಚ್ಚಿ ಹಾಕಿ, ಹಚ್ಚಿದಾಗ ಕೈಪಿಡಿಯ ಟಾರ್ಕಿಗಿಂತ ಸ್ವಲ್ಪ ಕಡಿಮೆ ಬಿಗಿಯಿರಿ.

ಯಾವ ಹಾರ್ನ್, ಎಷ್ಟು ಸದ್ದು

ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನೂ, ಕರ್ಕಶವಾಗಿ, ಗಾಬರಿ ಹುಟ್ಟಿಸುವಂತೆ ಕೂಗುವ ಸಾಧನವನ್ನೂ ನಿಷೇಧಿಸಿದೆ. ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಅನಗತ್ಯವಾಗಿ ಅಥವಾ ನಿಷೇಧಿತ ಜಾಗದಲ್ಲಿ ಹಾರ್ನ್ ಹೊಡೆದರೆ ಮೊದಲ ಸಲ 1,000, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ. ಶಬ್ದದ ಮಿತಿ ಮೀರಿದ ವಾಹನಕ್ಕೆ 190(2)ರ ಅಡಿ 10,000 ರೂಪಾಯಿವರೆಗೂ ಹೋಗಬಹುದು. ಆದ್ದರಿಂದ ಗಾಳಿ ಹಾರ್ನ್, ಮ್ಯೂಸಿಕಲ್ ಹಾರ್ನ್ ವಿಷಯ ಇಲ್ಲಿಗೇ ಬಿಡಿ. ಕಂಪ್ರೆಸರ್ ಹಾರ್ನ್ ಕಾನೂನಿನ ಮಾತು ಬಿಟ್ಟರೂ ನಮ್ಮ ಮಳೆಗೆ ಆಗಿಬರುವ ವಸ್ತುವಲ್ಲ. ಅದರ ಪುಟ್ಟ ಮೋಟಾರ್ ತೇವದ ಗಾಳಿ ಎಳೆದುಕೊಂಡು ಒಳಗೇ ತುಕ್ಕು ಹಿಡಿಯುತ್ತದೆ.

ಬೇಕಾಗಿರುವುದು ಲೋ ಮತ್ತು ಹೈ ಸ್ವರದ ಒಂದು ಜೋಡಿ ವಿದ್ಯುತ್ ಹಾರ್ನ್, 12 ವೋಲ್ಟಿನದು. ಮಿಂಡಾ, ರೂಟ್ಸ್, ಹೆಲ್ಲಾ, ಬಾಷ್ ಹೆಸರಿನವು ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಒಟ್ಟಿಗೆ ಕೂಗಬೇಕು. ಎರಡು ಲೋ ಅಥವಾ ಎರಡು ಹೈ ಹಾಕಿದರೆ ಸದ್ದು ಹೆಚ್ಚಿದರೂ ಕಿವಿಗೆ ಮೊದಲಿನ ಬೈಕ್ ಹಾರ್ನಿನಂತೆಯೇ ಕೇಳುತ್ತದೆ. ಎರಡು ಸ್ವರ ಬೆರೆತಾಗ ಮುಂದಿನವರು ಕಾರೆಂದು ತಿಳಿದು ಕನ್ನಡಿ ನೋಡುತ್ತಾರೆ, ಪ್ರಯೋಜನ ಅದರದ್ದೇ.

ಡಿಸ್ಕ್ ಹಾರ್ನೋ, ಬಸವನಹುಳು ಆಕಾರದ ವಿಂಡ್‌ಟೋನೋ? ಡಿಸ್ಕಿನದು ಚುಚ್ಚುವ ದನಿ, ದೂರ ಹೋಗುತ್ತದೆ, ಜಾಗ ಕಡಿಮೆ ಸಾಕು, ನೀರು ನಿಲ್ಲುವುದಿಲ್ಲ. ವಿಂಡ್‌ಟೋನಿನ ದನಿ ತುಂಬಿಕೊಂಡಂತಿರುತ್ತದೆ, ಆದರೆ ಬಾಯಿ ಮೇಲಾದರೆ ಸುರುಳಿಯೊಳಗೆ ನೀರು ನಿಲ್ಲುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗೆ ಡಿಸ್ಕ್ ಜೋಡಿಯೇ ನಮ್ಮ ಆಯ್ಕೆ.

ಪೆಟ್ಟಿಗೆಯ ಮೇಲಿನ ಡೆಸಿಬಲ್ ನೋಡಿ ಮರುಳಾಗಬೇಡಿ. 118 ಎಂದು ಬರೆದದ್ದು ಸಾಮಾನ್ಯವಾಗಿ 2 ಮೀಟರ್ ದೂರದ ಅಳತೆ. ವಾಹನದ ಹಾರ್ನಿಗೆ ಹೇಳುವ 112 ಡೆಸಿಬಲಿನ ಮೇಲ್ಮಿತಿ 7 ಮೀಟರ್ ದೂರದಲ್ಲಿ. ದೂರ ಮೂರೂವರೆ ಪಟ್ಟಾದರೆ ಸುಮಾರು 11 ಡೆಸಿಬಲ್ ಇಳಿಯುತ್ತದೆ, ಅಂದರೆ ಆ 118 ಅಲ್ಲಿ 107 ಆಗುತ್ತದೆ. ಎಷ್ಟು ದೂರದಲ್ಲಿ ಅಳೆದದ್ದು ಎಂದು ಬರೆಯದ ಪೆಟ್ಟಿಗೆಯ ಅಂಕಿಗೆ ಬೆಲೆಯಿಲ್ಲ.

ಕೂರಿಸುವ ಜಾಗ

ಹಾರ್ನಿನ ಜೊತೆ ಬರುವ ತೆಳು ಪದರಗಳ ಉಕ್ಕಿನ ಬ್ರಾಕೆಟ್ ಬಿಸಾಡಿ ದಪ್ಪ ಪಟ್ಟಿ ಹಾಕಿಸುವುದು ಎಲ್ಲೆಡೆ ಕಾಣುವ ತಪ್ಪು. ಆ ಪದರಗಳು ಸ್ಪ್ರಿಂಗಿನಂತೆ ಅಲುಗಲೆಂದೇ ಇರುವುದು. ಹಾರ್ನಿನ ಮೈ ಗಟ್ಟಿ ಲೋಹಕ್ಕೆ ಬಿಗಿದರೆ ಕಂಪನ ಫ್ರೇಮಿಗೆ ಹೋಗಿ ದನಿ ಕುಗ್ಗುತ್ತದೆ, ಬ್ರಾಕೆಟ್ ಬಿರುಕು ಬಿಡುತ್ತದೆ. ಗಟ್ಟಿ ಪಟ್ಟಿ ಬೇಕೇ ಆದರೆ ಅದು ಫ್ರೇಮಿನಿಂದ ಹೊರಬರಲಿ, ಅದರ ತುದಿಗೆ ಮೂಲ ಪದರ ಬ್ರಾಕೆಟ್ ಬರಲಿ. ಎಂ8 ಬೋಲ್ಟ್, ನೈಲಾಕ್ ನಟ್. ಹಾರ್ನಿನ ಸುತ್ತ ಕನಿಷ್ಠ 10 ಮಿ.ಮೀ. ಖಾಲಿ ಇರಲಿ.

ಕ್ರ್ಯಾಶ್ ಗಾರ್ಡಿನ ಮೇಲ್ಭಾಗ ಸುಲಭದ ಜಾಗ, ಆದರೆ ಬೈಕ್ ಬಿದ್ದರೆ ಮೊದಲು ಹೋಗುವುದು ಹಾರ್ನೇ. ಗಾರ್ಡಿನ ಒಳಮೈಯಲ್ಲಿ ಕೂರಿಸಿ. ರೇಡಿಯೇಟರ್ ಅಥವಾ ಆಯಿಲ್ ಕೂಲರಿನ ಎದುರು ಬೇಡ. ಘಟ್ಟದಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಆ ಗಾಳಿಯೇ ಎಂಜಿನ್ನಿನ ಜೀವ. ಬಾಯಿ ಮುಂದಕ್ಕೂ ಸ್ವಲ್ಪ ಕೆಳಕ್ಕೂ ಮುಖ ಮಾಡಿರಬೇಕು, ಮುಂದಿನ ಗಾಲಿಯ ಕೆಸರು ನೇರ ಬಡಿಯಬಾರದು.

ಬೈಕ್ ಜಾಕಿನ ಮೇಲಿರುವಾಗಲೇ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ. ಗಾಳಿಯಲ್ಲಿ ತೂಗುವ ಫೋರ್ಕ್ ಪೂರ್ತಿ ಕೆಳಗಿರುತ್ತದೆ, ಹಾಗಾಗಿ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಹೊಂಡಕ್ಕೆ ಬಿದ್ದಾಗ ಗಾಲಿ ಎಷ್ಟು ಮೇಲೆ ಬರುತ್ತದೆಂದು ಕೈಪಿಡಿಯ ಸಸ್ಪೆನ್ಷನ್ ಟ್ರಾವೆಲ್ ನೋಡಿ, ಮಡ್‌ಗಾರ್ಡಿನ ಮೇಲೆ ಅಷ್ಟೇ ಉದ್ದದ ಕಡ್ಡಿ ಹಿಡಿದು ಅಳೆಯಿರಿ. ಕಡ್ಡಿಯ ತುದಿಗೂ ಹಾರ್ನಿಗೂ 20 ಮಿ.ಮೀ. ಉಳಿದರೆ ಜಾಗ ಸರಿ.

ವೈರಿಂಗ್

ಬೇಕಾಗುವ ಸಾಮಾನು: 12 ವೋಲ್ಟಿನ 30 ಅಥವಾ 40 ಆಂಪಿಯರ್ ರಿಲೇ ಒಂದು, ಅದರ ಸಾಕೆಟ್, ನೀರು ಹೋಗದ ಬ್ಲೇಡ್ ಫ್ಯೂಸ್ ಹೋಲ್ಡರ್, 15 ಆಂಪಿಯರ್ ಫ್ಯೂಸ್ ಮೂರು, 2.5 ಚದರ ಮಿ.ಮೀ. ಆಟೋ ವೈರ್ ಕೆಂಪು 3 ಮೀಟರ್, ಕಪ್ಪು 3 ಮೀಟರ್, 0.75 ಚದರ ಮಿ.ಮೀ. ವೈರ್ 3 ಮೀಟರ್, 6.3 ಮಿ.ಮೀ. ಸ್ಪೇಡ್ ಟರ್ಮಿನಲ್ ಒಂದು ಡಜನ್, ಬ್ಯಾಟರಿಗೆ ರಿಂಗ್ ಟರ್ಮಿನಲ್ ಎರಡು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ, 1ಎನ್4007 ಡಯೋಡ್ ಒಂದು, ಸೀಲ್ ಆದ ಚಿಕ್ಕ ಟಾಗಲ್ ಸ್ವಿಚ್, ಡೈಎಲೆಕ್ಟ್ರಿಕ್ ಗ್ರೀಸ್. ಮನೆ ವೈರಿಂಗಿನ ತಂತಿ ಬೇಡ. ಎಂಜಿನ್ ಬಿಸಿಗೆ ಅದರ ಹೊದಿಕೆ ಗಡುಸಾಗಿ ಒಡೆಯುತ್ತದೆ.

ರಿಲೇ ಎಂದರೆ ಗುಂಡಿಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಅದು ಏಕೆ ಬೇಕು? ಜೋಡಿ ಹಾರ್ನ್ ಒಟ್ಟಿಗೆ ಸುಮಾರು 10 ಆಂಪಿಯರ್ ಎಳೆಯುತ್ತದೆ. ಕಂಪನಿಯ ಹಾರ್ನ್ ಗುಂಡಿ, ಅದರ ತೆಳು ವೈರ್ ಎರಡೂ ಒಂಟಿ ಹಾರ್ನಿನ ಮೂರ್ನಾಲ್ಕು ಆಂಪಿಯರಿಗೆ ಮಾಡಿದವು. 0.75 ಚದರ ಮಿ.ಮೀ. ವೈರಿನಲ್ಲಿ ಹೋಗಿ ಬರುವ ದಾರಿ 3 ಮೀಟರ್ ಎಂದರೆ 10 ಆಂಪಿಯರಿಗೆ ಅಲ್ಲೇ 0.7 ವೋಲ್ಟ್ ಹೋಗುತ್ತದೆ. ಇಗ್ನಿಷನ್ ಸ್ವಿಚ್, ಗುಂಡಿ, ನಾಲ್ಕು ಕನೆಕ್ಟರುಗಳ ಪಾಲು ಬೇರೆ. 2.5ರ ವೈರಿನಲ್ಲಿ ಅದೇ ದೂರಕ್ಕೆ 0.2 ವೋಲ್ಟ್ ಮಾತ್ರ. ದುಬಾರಿ ಹಾರ್ನ್ ಹಾಕಿಯೂ ಕೀರಲು ದನಿ ಬರುವುದು ಇದರಿಂದಲೇ, ಗುಂಡಿಯ ತಾಮ್ರ ಸುಟ್ಟು ಕಪ್ಪಾಗುವುದೂ ಇದರಿಂದಲೇ. ರಿಲೇ ಇದ್ದರೆ ಗುಂಡಿಯ ಮೇಲೆ ಹೊಸದಾಗಿ ಬೀಳುವುದು ಆಂಪಿಯರಿನ ಆರನೇ ಒಂದು ಪಾಲಿನಷ್ಟು ಹೊರೆ.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಕೊನೆಗೆ ಕೂರಿಸುವುದೂ ಅದನ್ನೇ.

ಬ್ಯಾಟರಿ ಪಾಸಿಟಿವ್‌ನಿಂದ ಕೆಂಪು 2.5ರ ವೈರ್ ಹೊರಟು, 150 ಮಿ.ಮೀ. ಒಳಗೇ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸಿಗಿಂತ ಮೊದಲಿನ ವೈರ್ ಉಜ್ಜಿ ಫ್ರೇಮಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ, ಬೆಂಕಿಯೇ. ಫ್ಯೂಸಿನಿಂದ ರಿಲೇಯ 30 ಎಂಬ ಕಾಲಿಗೆ (ಇಲ್ಲಿ ಬರುವ 30, 85, 86, 87 ಎಲ್ಲ ರಿಲೇಯ ಕಾಲುಗಳ ಗುರುತಿನ ಅಂಕಿಗಳು). ರಿಲೇಯ 87ರಿಂದ ಎರಡು ಹೊಸ ಹಾರ್ನುಗಳ ಒಂದೊಂದು ಟರ್ಮಿನಲಿಗೆ. ಅವುಗಳ ಇನ್ನೊಂದು ಟರ್ಮಿನಲಿನಿಂದ ಕಪ್ಪು 2.5ರ ವೈರ್ ನೇರ ಬ್ಯಾಟರಿ ನೆಗೆಟಿವ್‌ಗೆ. ಹತ್ತಿರದ ಫ್ರೇಮ್ ಬೋಲ್ಟಿಗೆ ಅರ್ಥ್ ಕೊಟ್ಟರೆ ಸಾಲದೇ ಎಂದರೆ, ಹೊಸ ಬೈಕಿನಲ್ಲಿ ಸಾಲುತ್ತದೆ, ಕಾರವಾರದಲ್ಲಿ ಎರಡನೇ ವರ್ಷಕ್ಕೆ ಸಾಲುವುದಿಲ್ಲ. ಆ ಬೋಲ್ಟಿನ ಕೆಳಗೆ ತುಕ್ಕು ಕೂತಿರುತ್ತದೆ.

ಈಗ 85, 86, ಅಂದರೆ ರಿಲೇಯನ್ನು ಎಳೆಯುವ ಕಾಯಿಲಿನ ಎರಡು ತುದಿ. ಜನ ಹೆಚ್ಚು ಎಡವುವುದು ಇಲ್ಲಿ. ಬೈಕುಗಳಲ್ಲಿ ಹಾರ್ನ್ ವೈರಿಂಗ್ ಎರಡು ಬಗೆ. ಕೆಲವದರಲ್ಲಿ ಗುಂಡಿ ಒತ್ತಿದಾಗ 12 ವೋಲ್ಟ್ ಬರುತ್ತದೆ. ಕೆಲವದರಲ್ಲಿ ಕೀ ಹಾಕಿದೊಡನೆ ಹಾರ್ನಿನ ಒಂದು ವೈರಿನಲ್ಲಿ 12 ವೋಲ್ಟ್ ಸದಾ ಇರುತ್ತದೆ, ಗುಂಡಿ ಒತ್ತಿದಾಗ ಇನ್ನೊಂದು ವೈರ್ ಅರ್ಥ್ ಆಗುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಮೂಲ ಹಾರ್ನಿನ ಎರಡೂ ವೈರ್ ಕಳಚಿ, ಬ್ಯಾಟರಿ ನೆಗೆಟಿವನ್ನು ಸ್ವಲ್ಪ ಹೊತ್ತು ಸೇರಿಸಿ, ಕೀ ಹಾಕಿ, ಗುಂಡಿ ಒತ್ತದೆ ಒಂದೊಂದೇ ವೈರನ್ನು ಮೀಟರಿನಲ್ಲಿ ನೋಡಿ. ಒಂದರಲ್ಲಿ 12 ಕಂಡರೆ ಎರಡನೇ ಬಗೆ, ಎರಡರಲ್ಲೂ ಸೊನ್ನೆ ಇದ್ದರೆ ಮೊದಲನೇ ಬಗೆ. ಕಳಚದೆ ಅಳೆದರೆ ಹಾರ್ನಿನ ಕಾಯಿಲ್ ಮೂಲಕ ಹಾದು ಎರಡೂ ಕಡೆ 12 ತೋರಿಸಿ ದಾರಿ ತಪ್ಪಿಸೀತು. ನೋಡಿಯಾದ ಮೇಲೆ ನೆಗೆಟಿವ್ ಮತ್ತೆ ಬಿಚ್ಚಿ.

ಬಗೆ ಯಾವುದೇ ಇರಲಿ, ಮೂಲ ಹಾರ್ನಿಗೆ ಬರುವ ಆ ಎರಡು ವೈರುಗಳನ್ನೇ ರಿಲೇಯ 85 ಮತ್ತು 86ಕ್ಕೆ ಕೊಟ್ಟರೆ ಕೆಲಸ ನಡೆಯುತ್ತದೆ. 85ನ್ನು ಫ್ರೇಮಿಗೆ ಅರ್ಥ್ ಮಾಡಿ, ಒಂದೇ ವೈರ್ 86ಕ್ಕೆ ಕೊಡುವ ಹಳೆಯ ರೂಢಿ ಎರಡನೇ ಬಗೆಯ ಬೈಕಿನಲ್ಲಿ ತಿರುಗಿಬೀಳುತ್ತದೆ: ಕೀ ತಿರುಗಿಸಿದೊಡನೆ ಹಾರ್ನ್ ಒಂದೇ ಸಮ ಕೂಗುತ್ತದೆ, ಗುಂಡಿಗೆ ಸಂಬಂಧವೇ ಇರುವುದಿಲ್ಲ. ಐದು ಕಾಲಿನ ರಿಲೇಯಲ್ಲಿ 87ರ ಬದಲು 87ಎ ಕಾಲಿಗೆ ಹಾರ್ನ್ ಕೊಟ್ಟರೆ ಇನ್ನೂ ವಿಚಿತ್ರ, ಕೀ ಇಲ್ಲದಾಗಲೂ ಕೂಗಿ, ಗುಂಡಿ ಒತ್ತಿದಾಗ ಸುಮ್ಮನಾಗುತ್ತದೆ.

ಮೂಲ ಹಾರ್ನನ್ನು ತೆಗೆಯಬೇಡಿ. ಅದರ ಟರ್ಮಿನಲಿಗೆ ಕವಲು ಸ್ಪೇಡ್ ಹಾಕಿ, ಅಲ್ಲಿಂದ 0.75ರ ಎರಡು ವೈರ್ ರಿಲೇಗೆ ತನ್ನಿ. ಕಂಪನಿಯ ವೈರಿಂಗ್ ಕತ್ತರಿಸುವ ಪ್ರಶ್ನೆಯೇ ಬರುವುದಿಲ್ಲ, ವಾರಂಟಿ ತಕರಾರಿಗೂ ಎಡೆಯಿಲ್ಲ. ಆ ಎರಡರಲ್ಲಿ ಒಂದು ವೈರಿನ ನಡುವೆ ಟಾಗಲ್ ಸ್ವಿಚ್ ಬರಲಿ. ಸ್ವಿಚ್ ಆಫ್ ಇದ್ದಾಗ ಊರೊಳಗೆ ಮೂಲ ಹಾರ್ನ್ ಮಾತ್ರ, ಆನ್ ಮಾಡಿದರೆ ಘಟ್ಟದಲ್ಲಿ ಮೂರೂ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಗುರುತಿಸಿದ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಯಾವ ಹಾರ್ನೂ ಇಲ್ಲ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೂ ಇಲ್ಲ. ಅಣಶಿಯ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಅಲ್ಲಿಯೂ ಸ್ವಿಚ್ ಆಫ್ ಇರಲಿ. ಕುರುಡು ತಿರುವಿನಲ್ಲಿ ಮೂಲ ಹಾರ್ನಿನ ಒಂದು ಚಿಕ್ಕ ಕೂಗು ಸಾಕು.

ಗುಂಡಿ ಬಿಟ್ಟಾಗ ಕಾಯಿಲಿನಿಂದ ಏಳುವ ವೋಲ್ಟೇಜಿನ ಹೊಡೆತ ತಡೆಯಲು ಡಯೋಡನ್ನು 85 ಮತ್ತು 86ರ ನಡುವೆ ಬೆಸುಗೆ ಹಾಕಿ, ಬೆಳ್ಳಿ ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಎರಡನೇ ಬಗೆಯಲ್ಲಿ ಸದಾ 12 ವೋಲ್ಟ್ ಇರುವ ವೈರ್, ಮೊದಲನೇ ಬಗೆಯಲ್ಲಿ ಒತ್ತಿದಾಗ 12 ಬರುವ ವೈರ್, ಅದೇ ಪಾಸಿಟಿವ್. ಅದನ್ನು 86ಕ್ಕೆ ಕೊಡಿ. ತಿರುಗುಮುರುಗಾದರೆ ಗುಂಡಿ ಒತ್ತಿದೊಡನೆ ಶಾರ್ಟ್ ಆಗಿ ಬೈಕಿನ ಫ್ಯೂಸೇ ಹಾರುತ್ತದೆ. ಒಳಗೇ ಡಯೋಡ್ ಅಥವಾ ರೆಸಿಸ್ಟರ್ ಇರುವ ರಿಲೇ ಸಿಕ್ಕರೆ ಈ ತಾಪತ್ರಯ ಬೇಡ, ಡಯೋಡಿನದ್ದಾದರೆ 86 ಪಾಸಿಟಿವ್ ಎಂಬುದಷ್ಟೇ ನೆನಪಿರಲಿ. ಕ್ಯಾನ್ ಜಾಲದಲ್ಲಿ (ಬೈಕಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಒಂದಕ್ಕೊಂದು ಸಂಕೇತ ಕಳಿಸುವ ವೈರ್ ಜಾಲ) ಹಾರ್ನ್ ನಡೆಸುವ ದುಬಾರಿ ಬೈಕುಗಳಿಗೆ ಈ ಇಡೀ ವಿಧಾನ ಹೊಂದದೇ ಇರಬಹುದು, ಅವಕ್ಕೆ ಆಯಾ ಬೈಕಿನ ವೈರಿಂಗ್ ನಕ್ಷೆ ನೋಡಿಯೇ ಮುಂದುವರಿಯಿರಿ.

ವೈರಿನ ಜೋಡಣೆಗಳೆಲ್ಲ ಕ್ರಿಂಪ್ ಆಗಬೇಕು, ಅಂದರೆ ಟರ್ಮಿನಲನ್ನು ಇಕ್ಕಳದಿಂದ ಒತ್ತಿ ವೈರಿಗೆ ಬಿಗಿಯಬೇಕು. ವೈರ್ ಸುತ್ತಿ ಟೇಪ್ ಹೊಡೆಯುವುದು ನಮ್ಮ ಹವೆಗೆ ಒಂದು ಮಳೆಗಾಲವೂ ಬಾಳದು. ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗೆ ತಾಮ್ರ ಹಸಿರಾಗುತ್ತದೆ. ಕ್ರಿಂಪ್ ಮಾಡಿ ಎಳೆದು ನೋಡಿ, ಮೇಲೆ ಅಂಟಿನ ಹೀಟ್ ಶ್ರಿಂಕ್, ಸ್ಪೇಡಿಗೆ ಗ್ರೀಸ್. ರಿಲೇ ಸೀಟಿನಡಿ ಅಥವಾ ಟ್ಯಾಂಕಿನಡಿ ಇರಲಿ, ಕಾಲುಗಳು ಕೆಳಮುಖವಾಗಿ. ಸಾಕೆಟ್ಟಿಗೆ ಬರುವ ಮುನ್ನ ವೈರ್ ಒಮ್ಮೆ ಕೆಳಗಿಳಿದು ಮೇಲೇರಬೇಕು, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸ್ಟಿಯರಿಂಗ್ ಹತ್ತಿರ ಹಾಯುವ ವೈರಿಗೆ ಕೊಳವೆ ಹೊದಿಸಿ, ಸ್ವಲ್ಪ ಸಡಿಲ ಬಿಡಿ.

ಪರೀಕ್ಷೆ, ಕೆಟ್ಟರೆ ಕಾರಣ

ಎಂಜಿನ್ ಚಾಲೂ ಇಟ್ಟು, ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಮೊನೆಯನ್ನು ಹೊಸ ಹಾರ್ನಿನ ಪಾಸಿಟಿವ್ ಟರ್ಮಿನಲಿಗೆ ಹಿಡಿದು ಹಾರ್ನ್ ಒತ್ತಿ. ತೋರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟ್. 0.3ರೊಳಗಿದ್ದರೆ ಕೆಲಸ ಗಟ್ಟಿ. ಜಾಸ್ತಿ ಇದ್ದರೆ ಯಾವುದೋ ಕ್ರಿಂಪ್ ಅಥವಾ ಫ್ಯೂಸ್ ಹೋಲ್ಡರ್ ಸಡಿಲ. ಹಾಗೆಯೇ ಹಾರ್ನಿನ ನೆಗೆಟಿವ್ ಟರ್ಮಿನಲ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆಯೂ ನೋಡಿ.

ರಿಲೇ ಟಕ್ ಎನ್ನುತ್ತದೆ, ಹಾರ್ನ್ ಕೂಗುವುದಿಲ್ಲ ಎಂದರೆ ಫ್ಯೂಸ್ ಅಥವಾ ಅರ್ಥ್ ನೋಡಿ. ಟಕ್ ಎಂಬ ಸದ್ದೂ ಇಲ್ಲವೆಂದರೆ ಟಾಗಲ್ ಮತ್ತು 85, 86. ರಿಲೇ ಗುರ್ ಎಂದು ನಡುಗಿದರೆ ಮೂಲ ಹಾರ್ನಿನ ಒಳಗಿನ ಪಾಯಿಂಟಿನ (ಕರೆಂಟನ್ನು ಕೂಡಿಸಿ ಬಿಡಿಸುವ ಲೋಹದ ತುದಿ) ಏರಿಳಿತ ತೆಳು ವೈರಿನ ಮೂಲಕ ಕಾಯಿಲಿಗೆ ಬರುತ್ತಿದೆ, ಡಯೋಡ್ ಮರೆತಿದ್ದೀರಾ ನೋಡಿ, ಇದ್ದರೂ ನಿಲ್ಲದಿದ್ದರೆ ಕವಲು ಸ್ಪೇಡ್ ಬಿಗಿ ಮಾಡಿ. ಒಂದು ಹಾರ್ನ್ ಮಾತ್ರ ಗೊರಗೊರ ಎಂದರೆ ಅದು ಏನಕ್ಕೋ ತಾಗಿದೆ, ಇಲ್ಲವೇ ನೀರು ಕುಡಿದಿದೆ. ಹಿಂಬದಿಯ ಸ್ಕ್ರೂ ಮುಟ್ಟುವುದು ಕೊನೆಯ ಉಪಾಯ. ಅದನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಸದ್ದು ಜಾಸ್ತಿಯಾಯಿತೆಂದು ತಿರುಗಿಸುತ್ತ ಹೋದರೆ ಕರೆಂಟ್ ಏರಿ ಪಾಯಿಂಟ್ ಸುಡುತ್ತದೆ.

ಮೇ ಕೊನೆಯಲ್ಲಿ ಒಮ್ಮೆ, ಮಳೆ ಹಿಂದಾದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಸ್ಪೇಡುಗಳನ್ನು ಕಳಚಿ ಗ್ರೀಸ್ ಹೊಸದಾಗಿ ಹಚ್ಚಿ, ಬ್ರಾಕೆಟ್ ಬೋಲ್ಟ್, ಅಡಾಪ್ಟರಿನ ವೆಲ್ಡ್ ಮತ್ತು ರಬ್ಬರ್ ನೋಡಿ. ಎಣ್ಣೆ ಕುಡಿದು ಉಬ್ಬಿದ ರಬ್ಬರ್ ಜಾರುತ್ತದೆ, ಕಿತ್ತು ಬೇರೆ ಅಂಟಿಸಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಮುದ್ರದ ಪಕ್ಕ ಓಡಾಡುವ ಬೈಕನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಬೇಕು, ಆದರೆ ಪ್ರೆಶರ್ ವಾಷಿನ ಮೂತಿಯನ್ನು ಹಾರ್ನಿನ ಬಾಯಿಗೆ ಹಿಡಿಯಬಾರದು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಬೈಕಿನ ವಿಂಡ್‌ಟೋನ್ ಕೂಗದಿದ್ದರೆ ವೈರಿಂಗ್ ಬಿಚ್ಚುವ ಮೊದಲು ಬಾಯೊಳಗೆ ಟಾರ್ಚ್ ಬಿಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಹಾರ್ನ್ ಬಿಚ್ಚಿ ಬಾಯಿ ಕೆಳಗೆ ಮಾಡಿ, ಸ್ವಲ್ಪ ನೀರು ಚಿಮುಕಿಸಿ ಮಣ್ಣು ಮೆತ್ತಗಾಗಲು ಬಿಟ್ಟು, ಕೊಕ್ಕೆ ಮಾಡಿದ ತಂತಿಯಿಂದ ಅಂಚಿನಿಂದ ಕೆರೆದು ತೆಗೆಯಿರಿ. ಒಳಗಿನ ತೆಳು ತಗಡಿಗೆ ತಂತಿ ಚುಚ್ಚಬಾರದು.